ಒಡಹುಟ್ಟೋ, ಬೀಗತನವೋ: ಹೊನ್ನಾಳಿಯಿಂದ ಜಗಳೂರಿನವರೆಗೆ ಬಂಡೆಗಳ ವಂಶಾವಳಿ

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿದಾಗ ನಾಡಿಗೆ ಹೊಸ ನೆಲವೇನೂ ಸೇರಲಿಲ್ಲ. ಇದ್ದ ನೆಲವೇ ಬೇರೆ ಕಡತಕ್ಕೆ ಹೋಯಿತು. ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಬಳ್ಳಾರಿಯಿಂದ ಬಂದಿದ್ದ ಹರಪನಹಳ್ಳಿ ಎರಡು ದಶಕ ಕಳೆದ ಮೇಲೆ ಮತ್ತೆ ಅತ್ತಲೇ ಹೋಯಿತು. ಹೊನ್ನಾಳಿಯ ಮಗ್ಗುಲಿಂದ ನ್ಯಾಮತಿ ಬೇರೆ ತಾಲ್ಲೂಕಾಗಿ ಎದ್ದಿತು. ಯಾವ ಹಳ್ಳಿ ಎಲ್ಲಿಂದ ಬಂತು, ಯಾವಾಗ ಬಂತು ಎಂಬುದಕ್ಕೆ ಸರ್ಕಾರಿ ಆದೇಶವಿದೆ, ತಾರೀಖಿದೆ, ಗಡಿಕಲ್ಲಿದೆ. ಆದರೆ ಇದೇ ತಾಲ್ಲೂಕುಗಳ ಎರೆಮಣ್ಣು, ಕೆಮ್ಮಣ್ಣುಗಳ ಕೆಳಗೆ ಮಲಗಿರುವ ಹಾಸುಬಂಡೆಗಳ ವಿಷಯದಲ್ಲಿಯೂ ಇದೇ ಪ್ರಶ್ನೆಯಿದೆ, ಅದಕ್ಕೆ ಮಾತ್ರ ಆದೇಶದ ಪ್ರತಿ ಸಿಗುವುದಿಲ್ಲ. ಹೊನ್ನಾಳಿ, ನ್ಯಾಮತಿ, ಚನ್ನಗಿರಿಗಳ ತಳದಲ್ಲಿರುವ ಗ್ರಾನೈಟ್ ಜಾತಿಯ ಶಿಲೆಗಳನ್ನು ಭೂವಿಜ್ಞಾನಿಗಳು ಪಶ್ಚಿಮ ಧಾರವಾಡ ಪ್ರಾಂತಕ್ಕೆ ಸೇರಿಸುತ್ತಾರೆ. ಜಗಳೂರು ಸೀಮೆ ಇರುವುದು ಆ ಪ್ರಾಂತದ ಪೂರ್ವದ ಅಂಚಿನ ಆಸುಪಾಸಿನಲ್ಲಿ, ಚಿತ್ರದುರ್ಗ ಶಿಸ್ಟ್ ಪಟ್ಟಿಯ ಮಗ್ಗುಲಲ್ಲಿ. ಅದರಾಚೆಗೆ ಇನ್ನೊಂದು ಭೂಪ್ರಾಂತ ಶುರುವಾಗುತ್ತದೆ ಎನ್ನುವುದು ವಾಡಿಕೆ. ಈ ಎರಡೂ ಕಡೆಯ ತಳಬಂಡೆಗಳು ಮೊದಲಿಂದ ಒಂದೇ ನೆಲವಾಗಿದ್ದವೇ, ಅಥವಾ ಎಲ್ಲೆಲ್ಲಿಂದಲೋ ಬಂದು ಆಮೇಲೆ ಬೆಸೆದುಕೊಂಡವೇ? ವಯಸ್ಸು ಅಳೆಯುವ ವಿದ್ಯೆ ಈ ಪ್ರಶ್ನೆಗೆ ಎಷ್ಟರಮಟ್ಟಿಗೆ ಉತ್ತರ ಕೊಟ್ಟಿದೆ ಎಂದು ನೋಡುವುದು ಈ ಲೇಖನದ ಉದ್ದೇಶ.

ನಮ್ಮಲ್ಲಿ ನಂಟು ಎರಡು ಬಗೆ. ಒಂದು ಒಡಹುಟ್ಟು: ಒಂದೇ ಮನೆಯಲ್ಲಿ ಹುಟ್ಟಿ ಆಮೇಲೆ ಪಾಲಾಗಿ ಬೇರೆಯಾದವರು. ಇನ್ನೊಂದು ಬೀಗತನ: ಬೇರೆ ಬೇರೆ ಮನೆಯವರು ಒಂದು ಮದುವೆಯಿಂದ ಹತ್ತಿರವಾದವರು. ಎರಡು ಮನೆಯವರು ಒಂದೇ ಪಂಕ್ತಿಯಲ್ಲಿ ಕೂತು ಉಂಡದ್ದನ್ನು ನೋಡಿದವನಿಗೆ ಅವರು ದಾಯಾದಿಗಳೋ ಬೀಗರೋ ತಿಳಿಯದು. ಭೂಚಿಪ್ಪಿನ ತುಣುಕುಗಳ ನಂಟಿನಲ್ಲಿಯೂ ಈ ಎರಡು ಬಗೆಗಳಿವೆ, ಮತ್ತು ಎಷ್ಟೋ ವಾದಗಳು ಇವೆರಡನ್ನು ಕಲಸಿಬಿಟ್ಟದ್ದರಿಂದಲೇ ಹುಟ್ಟಿವೆ. ಎರಡು ಪ್ರಾಂತಗಳಲ್ಲಿ ಒಂದೇ ವಯಸ್ಸಿನ ಗ್ರಾನೈಟ್ ಸಿಕ್ಕರೆ ಅವುಗಳಿಗೆ ಸಂಬಂಧವಿದೆ ಎಂದು ಹೇಳುವುದು ಸುಲಭ. ಆದರೆ ಒಂದೇ ದಿನ ಹುಟ್ಟಿದವರೆಲ್ಲ ಅಣ್ಣತಮ್ಮಂದಿರಲ್ಲ. ಬಂಡೆಯ ಹುಟ್ಟುದಿನದ ಜೊತೆಗೆ ಅದರ ತವರು ಗೊತ್ತಾಗಬೇಕು, ಅದು ಯಾವ ಘಟನೆಗೆ ಮುಂಚಿನದು, ಯಾವುದಕ್ಕೆ ಆಮೇಲಿನದು ಎಂಬುದು ನೆಲದ ಮೇಲೆ ಕಾಣಬೇಕು. ಈ ಮೂರು ಸಾಕ್ಷಿಗಳನ್ನು ಒಟ್ಟಿಗೆ ಕೇಳಿದರೆ ಹೊನ್ನಾಳಿಯಿಂದ ಜಗಳೂರಿನ ಕಡೆಗೆ ಸಾಗುವ ಅಡ್ಡಗೆರೆಯಲ್ಲಿ ಶುದ್ಧ ಒಡಹುಟ್ಟೂ ಅಲ್ಲದ, ಶುದ್ಧ ಬೀಗತನವೂ ಅಲ್ಲದ ಮೂರನೆಯದೊಂದು ಚಿತ್ರ ಕಾಣುತ್ತದೆ ಎಂಬುದು ನನ್ನ ವಾದ.

ಯಾವುದು ಹಿರಿದು ಎಂಬ ಜಗಳ ಇಲ್ಲಿ ಹಳೆಯದು. ಧಾರವಾಡ ಶಿಲೆಗಳಿಗೆ ಆ ಹೆಸರು ಕೊಟ್ಟ ರಾಬರ್ಟ್ ಬ್ರೂಸ್ ಫೂಟ್, 1894ರಲ್ಲಿ ಶುರುವಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಗೂ ಮೊದಲ ಮುಖ್ಯಸ್ಥರಾಗಿದ್ದರು. ಬಿಳಿ-ಬೂದು ಪಟ್ಟೆಗಳ ನೈಸ್ ಶಿಲೆ ತಳ, ಕಬ್ಬಿಣ-ಮ್ಯಾಂಗನೀಸಿನ ಗುಡ್ಡಸಾಲುಗಳ ಧಾರವಾಡ ಶಿಲೆ ಅದರ ಮೇಲೆ ಕೂತ ಹೊದಿಕೆ ಎಂಬುದು ಅವರ ನೋಟ. ಅವರ ನಂತರ ಇಲಾಖೆ ನಡೆಸಿದ ಡಬ್ಲ್ಯು. ಎಫ್. ಸ್ಮೀತ್ ಇದನ್ನು ತಲೆಕೆಳಗು ಮಾಡಿದರು. ನೈಸಿನ ಎಳೆಗಳು ಶಿಸ್ಟಿನೊಳಗೆ, ಅಂದರೆ ಪದರುಪದರಾದ ಧಾರವಾಡ ಶಿಲೆಯೊಳಗೆ, ನುಗ್ಗಿರುವುದನ್ನು ಹಲವು ಕಡೆ ಕಂಡ ಅವರು, ನುಗ್ಗಿದ್ದು ಕಿರಿಯದೇ ಆಗಬೇಕು, ಆದ್ದರಿಂದ ಧಾರವಾಡ ಶಿಲೆಗಳೇ ಎಲ್ಲಕ್ಕಿಂತ ಹಿರಿಯವು ಎಂದರು. ಪೆನಿನ್ಸುಲರ್ ನೈಸ್ ಎಂಬ ಹೆಸರನ್ನು ನಾಡಿನುದ್ದದ ಈ ಬಂಡೆಗಳಿಗೆ ಕೊಟ್ಟವರು ಸ್ಮೀತ್. ಇಬ್ಬರೂ ಕಂಡದ್ದು ನಿಜ, ಎಡವಿದ್ದು ಹೆಸರಿನಲ್ಲಿ. ಒಂದೇ ಹೆಸರಿನ ಕೆಳಗೆ ಹಲವು ತಲೆಮಾರಿನ ಬಂಡೆಗಳು ಸೇರಿದ್ದವು. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಂಥ ಕಡೆ ಧಾರವಾಡ ಪದರಗಳೊಳಗೆ ಸಿಗುವ ಗುಂಡುಕಲ್ಲುಗಳ ಶಿಲೆಯನ್ನು ನೋಡಿದರೆ ಇದು ತಿಳಿಯುತ್ತದೆ. ಹಳೆಯ ಗ್ರಾನೈಟಿನ ಗುಂಡು ಪದರದೊಳಗೆ ಸಿಕ್ಕಿದ್ದರೆ ಆ ಗ್ರಾನೈಟು ಪದರಕ್ಕಿಂತ ಹಿರಿಯದಾಗಿರಲೇಬೇಕು. ಅದೇ ಪದರವನ್ನು ಸೀಳಿಕೊಂಡು ಬಂದ ಇನ್ನೊಂದು ಗ್ರಾನೈಟು ಕಿರಿಯದಾಗಿರಲೇಬೇಕು. ಎರಡೂ ಬೂದು ಬಣ್ಣದವೇ, ಎರಡನ್ನೂ ಕ್ರಷರಿಗೆ ಹಾಕಿದರೆ ಬರುವುದು ಒಂದೇ ಜಲ್ಲಿ. 1970ರ ದಶಕದಲ್ಲಿ ಸ್ವಾಮಿನಾಥ್, ರಾಮಕೃಷ್ಣನ್, ವಿಶ್ವನಾಥ ಅವರು ಹಿರಿಯ ಸರಗೂರು ಶಿಲೆಗಳನ್ನು ಕಿರಿಯ ಧಾರವಾಡದಿಂದ ಬಿಡಿಸಿ, ನಾಡಿನ ತಳವನ್ನು ಪಶ್ಚಿಮ ಮತ್ತು ಪೂರ್ವ ಎಂದು ಎರಡಾಗಿ ಓದಿದ ಮೇಲೆ ಜಗಳದ ರೂಪ ಬದಲಾಯಿತು. ಅಲ್ಲಿಯವರೆಗೆ ಯಾವುದು ಹಿರಿದು ಎಂದು ಕೇಳುತ್ತಿದ್ದವರು, ಯಾವ ತುಂಡು ಎಷ್ಟು ಹಿರಿದು, ಪಕ್ಕದ್ದಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೇಳತೊಡಗಿದರು. ಆ ಪ್ರಶ್ನೆಗೆ ಸುತ್ತಿಗೆ, ದಿಕ್ಸೂಚಿಗಳು ಸಾಲವು.

ಉತ್ತರ ಸಿಗುವುದು ಕಾಳಿನಷ್ಟೂ ದೊಡ್ಡದಲ್ಲದ ಜಿರ್ಕಾನ್ ಹರಳಿನಲ್ಲಿ. ಅದನ್ನು ಬಂಡೆಯಿಂದ ಹೊರತೆಗೆಯುವ ಬಗೆ ಈ ಸೀಮೆಗೆ ಹೊಸದಲ್ಲ. ನ್ಯಾಮತಿ-ಹೊನ್ನಾಳಿ ಭಾಗದ ಕುದುರೆಕೊಂಡ, ಪಾಲವನಹಳ್ಳಿಗಳ ಸುತ್ತ ಹಳೆಯ ಚಿನ್ನದ ಗುಂಡಿಗಳಿವೆ. ಧಾರವಾಡ ಸೀಮೆಯ ಹಳ್ಳಗಳಲ್ಲಿ ಜಲಗಾರರು ಮರಿಗೆಯಲ್ಲಿ ಮರಳು ಹಾಕಿ, ನೀರು ತುಂಬಿ, ಕುಲುಕಿ ಕುಲುಕಿ ಹಗುರವನ್ನು ಚೆಲ್ಲಿ ಭಾರವನ್ನು ಉಳಿಸಿಕೊಳ್ಳುತ್ತಿದ್ದರು. ಜಿರ್ಕಾನ್ ಹೆಕ್ಕುವುದೂ ಹಾಗೆಯೇ. ಕೆಲವು ಕಿಲೋ ಬಂಡೆಯನ್ನು ಪುಡಿಮಾಡಿ, ಜರಡಿ ಹಿಡಿದು, ಅಲುಗುವ ಹಲಗೆಯ ಮೇಲೆ ನೀರು ಹರಿಸುತ್ತಾರೆ. ಬೆಣಚಿನ ಸಾಂದ್ರತೆ 2.65, ಜಿರ್ಕಾನಿನದು 4.6ರ ಮೇಲೆ, ಭಾರದ್ದು ಹಿಂದೆ ನಿಲ್ಲುತ್ತದೆ. ಆಮೇಲೆ ಭಾರದ್ರವ, ಆಯಸ್ಕಾಂತಗಳನ್ನು ದಾಟಿಸಿ, ಕೊನೆಗೆ ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಹರಳನ್ನು ಸೂಜಿಯಿಂದ ಆರಿಸುತ್ತಾರೆ. ಉದ್ದ ಹತ್ತನೇ ಒಂದು ಮಿಲಿಮೀಟರಿನ ಸುತ್ತಮುತ್ತ. ಹರಳುಗಳನ್ನು ಅಂಟಿನಲ್ಲಿ ಕೂಡಿಸಿ, ಅರ್ಧಕ್ಕೆ ಉಜ್ಜಿ, ಇಲೆಕ್ಟ್ರಾನು ಕಿರಣ ಬಿಟ್ಟು ಚಿತ್ರ ತೆಗೆದರೆ ಒಳಗೆ ಮರದ ಉಂಗುರಗಳಂತೆ ಸುತ್ತುಗಳು ಕಾಣುತ್ತವೆ. ಹುಟ್ಟುವಾಗ ಜಿರ್ಕಾನ್ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೊರಗಿಡುತ್ತದೆ. ಹಾಗಾಗಿ ಈಗ ಒಳಗಿರುವ ಸೀಸ ಬಹುಪಾಲು ಯುರೇನಿಯಂ ಕ್ಷಯಿಸಿ ಆದದ್ದು. ಅರ್ಧಾಯುಷ್ಯ 446.8 ಕೋಟಿ ವರ್ಷದ ಯುರೇನಿಯಂ-238 ಒಂದು ಬಗೆಯ ಸೀಸವಾಗುತ್ತದೆ, 70.4 ಕೋಟಿ ವರ್ಷದ ಯುರೇನಿಯಂ-235 ಇನ್ನೊಂದು ಬಗೆಯ ಸೀಸವಾಗುತ್ತದೆ. ಒಂದೇ ಹರಳಿನಲ್ಲಿ ಬೇರೆ ಬೇರೆ ವೇಗದ ಎರಡು ಗಡಿಯಾರಗಳು ಓಡುತ್ತಿರುವುದರಿಂದ ಅವು ಒಂದೇ ಹೊತ್ತು ತೋರಿಸಿದರೆ ನಂಬಬಹುದು, ತೋರಿಸದಿದ್ದರೆ ನಡುವೆ ಸೀಸ ಸೋರಿದೆ ಎಂದು ತಿಳಿಯಬಹುದು. 1980ರ ಆಸುಪಾಸಿನಲ್ಲಿ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ರೂಪುಗೊಂಡ ಶ್ರಿಂಪ್, ಅಂದರೆ ಸೀಗಡಿ ಎಂಬ ಹೆಸರಿನ ಯಂತ್ರ ಹರಳಿನ ಮೇಲೆ ಕೂದಲೆಳೆಗಿಂತ ಸಣ್ಣ ಗುಳಿ ಕೊರೆದು ತಿರುಳು, ಅಂಚುಗಳ ವಯಸ್ಸನ್ನು ಬೇರೆ ಬೇರೆಯಾಗಿ ಓದುವುದನ್ನು ಸಾಧ್ಯ ಮಾಡಿತು.

ಅದಕ್ಕೆ ಮೊದಲು ಇಡೀ ಬಂಡೆಯ ತುಂಡುಗಳಲ್ಲಿ ರುಬಿಡಿಯಂ-ಸ್ಟ್ರಾನ್ಷಿಯಂ ಅಥವಾ ಸೀಸದ ಅನುಪಾತಗಳನ್ನು ಅಳೆದು, ಬಿಂದುಗಳನ್ನು ಒಂದು ಗೆರೆಯಲ್ಲಿ ಕೂಡಿಸಿ, ಗೆರೆಯ ಓರೆಯಿಂದ ವಯಸ್ಸು ಹೇಳುತ್ತಿದ್ದರು. ಈ ದಾರಿಯಿಂದ ಬಂದದ್ದು ಕಡಿಮೆಯೇನಲ್ಲ. ಹಾಸನದ ಕಡೆಯ ನೈಸಿಗೆ ಬೆಕಿನ್ಸೇಲ್, ಡ್ರೂರಿ, ಹೋಲ್ಟ್ 1980ರಲ್ಲಿ ಕೊಟ್ಟ ಸುಮಾರು 336 ಕೋಟಿ ವರ್ಷ ನಮ್ಮ ನೆಲದ ಹಿರಿತನವನ್ನು ಜಗತ್ತಿಗೆ ತಿಳಿಸಿತು. 1984ರಲ್ಲಿ ಟೇಲರ್ ಮತ್ತು ಸಂಗಡಿಗರು ಚಿತ್ರದುರ್ಗ ಗ್ರಾನೈಟಿಗೆ ಹೇಳಿದ 260.5 ಕೋಟಿ ಇಂದಿಗೂ ಬಹಳ ಜರುಗಿಲ್ಲ. ಆದರೆ ಗೆರೆಯ ವಿದ್ಯೆಗೆ ಒಂದು ದೌರ್ಬಲ್ಯವಿದೆ. ಬಂಡೆಯೊಳಗೆ ಆಮೇಲೆ ಬಿಸಿನೀರು ಹರಿದರೆ ರುಬಿಡಿಯಂ ಜಾಗ ಬಿಡುತ್ತದೆ, ಎರಡು ಬೇರೆ ಶಿಲೆಗಳು ಬೆರೆತರೂ ಅಂದವಾದ ಗೆರೆ ಬರುತ್ತದೆ. ಅದೇ ಕಾಲದಲ್ಲಿ ಶಿವಮೊಗ್ಗ ಪಟ್ಟಿಯ ಜ್ವಾಲಾಮುಖಿ ಶಿಲೆಗಳಿಗೆ ಸೀಸದ ಗೆರೆಯಿಂದ ಬಂದ ವಯಸ್ಸು 256-257 ಕೋಟಿ ವರ್ಷ. 1997ರಲ್ಲಿ ಟ್ರೆಂಡಾಲ್ ಮತ್ತು ಸಂಗಡಿಗರು ಚನ್ನಗಿರಿ ತಾಲ್ಲೂಕಿನ ದಾಗಿನಕಟ್ಟೆಯ ಹೆಸರು ಹೊತ್ತ ಜ್ವಾಲಾಮುಖಿ ಪದರದ ಜಿರ್ಕಾನಿನಲ್ಲಿ ಓದಿದ್ದು 261.4 ಕೋಟಿ, ಹೆಚ್ಚುಕಡಿಮೆ 80 ಲಕ್ಷ. ವ್ಯತ್ಯಾಸ ಸುಮಾರು ಐದು ಕೋಟಿ ವರ್ಷ. ಇದನ್ನು ಬರಿಯ ತಿದ್ದುಪಡಿ ಎಂದು ಬಿಡುವಂತಿಲ್ಲ, ಇದರಿಂದ ಕತೆಯ ಅರ್ಥವೇ ತಿರುಗುತ್ತದೆ. ಹಳೆಯ ಅಂಕಿಗಳನ್ನು ನಂಬಿದ್ದರೆ ಚಿತ್ರದುರ್ಗದ ಗ್ರಾನೈಟ್ ಮೊದಲು ಹೆಪ್ಪುಗಟ್ಟಿ, ಕೋಟಿಗಟ್ಟಲೆ ವರ್ಷಗಳ ಮೇಲೆ ದಾಗಿನಕಟ್ಟೆಯ ಬೆಂಕಿ ಉಗುಳಿತು ಎನ್ನಬೇಕಿತ್ತು. ಹೊಸ ಅಂಕಿಯಲ್ಲಿ ಇವೆರಡೂ ಅವಳಿಗಳು: ಕೆಳಗೆ ಗ್ರಾನೈಟಾಗಿ ತಣ್ಣಗಾದದ್ದು, ಮೇಲೆ ಜ್ವಾಲಾಮುಖಿಯಾಗಿ ಉಕ್ಕಿದ್ದು ಒಂದೇ ಕಾಲದ ಕುದಿತ.

ಈಗ ಪಶ್ಚಿಮದಿಂದ ಪೂರ್ವಕ್ಕೆ ನಡೆಯೋಣ. ಹೊನ್ನಾಳಿಯಲ್ಲಿ ತಳಬಂಡೆ ಗುಮ್ಮಟದಂತೆ ಮೇಲೆದ್ದಿದೆ. ಶಿಕಾರಿಪುರದಲ್ಲಿಯೂ ಇಂಥದೇ ಇನ್ನೊಂದಿದೆ. ಸುತ್ತ ಧಾರವಾಡ ಶಿಸ್ಟ್, ನಡುವೆ ನೈಸ್. ಗಟ್ಟಿ ಬೆಣಚುಶಿಲೆ, ಕಬ್ಬಿಣದ ಪದರಗಳು ಗುಡ್ಡವಾಗಿ ನಿಂತರೆ ನೈಸ್ ಬೇಗ ಸವೆದು ಹೊಲಗದ್ದೆಯ ಬಯಲಾಗುತ್ತದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರದ ಏರಿಯನ್ನು ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಗೆ ಕಟ್ಟಿದವರು ಭೂವಿಜ್ಞಾನ ಓದಿದವರಲ್ಲ, ಆದರೂ ಯಾವ ಕಲ್ಲು ನಿಲ್ಲುತ್ತದೆ, ಯಾವುದು ಸವೆಯುತ್ತದೆ ಎಂಬುದನ್ನು ಕಂಡಿದ್ದರು. ಇಲ್ಲಿಯ ತಳದ ನೈಸ್, ದಕ್ಷಿಣದ ಚಿಕ್ಕಮಗಳೂರಿನ ನೈಸಿನಂತೆ, 300 ಕೋಟಿ ವರ್ಷದ ಆಸುಪಾಸಿನ ಅಥವಾ ಅದನ್ನೂ ಮೀರಿದ ಹಿರಿಯರ ಸಾಲಿಗೆ ಸೇರುತ್ತದೆ. ಅದರ ಮೇಲಿನ ಹೊದಿಕೆಯ ಕಾಲಕ್ಕೆ ಗೂಟಗಳು ಬಿದ್ದಿವೆ. ಬಾಬಾಬುಡನ್ ಸರಣಿಯ ಕಳಸಾಪುರದ ಲಾವಾ ಸುಮಾರು 291 ಕೋಟಿ, ಅದೇ ಸರಣಿಯ ಮುಳ್ಳಯ್ಯನಗಿರಿಯ ಕಬ್ಬಿಣ ಪದರಗಳ ಬುಡ 272 ಕೋಟಿ, ದಾಗಿನಕಟ್ಟೆ 261.4 ಕೋಟಿ. ಅಂದರೆ ಹೊನ್ನಾಳಿ-ಚನ್ನಗಿರಿಯ ತಳ ಹೆಪ್ಪುಗಟ್ಟಿ, ಸವೆದು, ನೀರಡಿಯಾಗಿ, ಅದರ ಮೇಲೆ ಮೂವತ್ತು ಕೋಟಿ ವರ್ಷಗಳಷ್ಟು ಕಾಲ ಲಾವಾ, ಮರಳು, ಕಬ್ಬಿಣ ಬಿದ್ದವು. ಉಬ್ರಾಣಿ, ತಾವರೆಕೆರೆಗಳ ವೆನೇಡಿಯಂ-ಟೈಟೇನಿಯಂ ತುಂಬಿದ ಕಬ್ಬಿಣದ ಅದಿರು, ಹನುಮಲಾಪುರದಲ್ಲಿ ಕಂಡುಬಂದ ಪ್ಲಾಟಿನಂ ಗುಂಪಿನ ಲೋಹಗಳು ಇದೇ ಸೀಮೆಯಲ್ಲಿ ಆಳದಿಂದ ಏರಿ ಬಂದ ಕರಿಶಿಲೆಗಳಲ್ಲಿ ಇವೆ. ಇಷ್ಟು ದೀರ್ಘಕಾಲ ಹೊರೆ ಹೊರಬಲ್ಲ ತಳ ಗಟ್ಟಿಮುಟ್ಟಾದ, ದಪ್ಪನೆಯ ಭೂಚಿಪ್ಪಾಗಿರಬೇಕು.

ಈ ಗಟ್ಟಿತಳ ಪೂರ್ವಕ್ಕೆ ಎಲ್ಲಿಯವರೆಗೆ ಹೋಗುತ್ತದೆ? ಚಿತ್ರದುರ್ಗ ಗ್ರಾನೈಟನ್ನೇ ಕೇಳಬೇಕು. ಅದರ ವಯಸ್ಸು ಸುಮಾರು 261 ಕೋಟಿ. ಅರಸೀಕೆರೆ-ಬಾಣಾವರದ ಗ್ರಾನೈಟಿನದು 261.7 ಕೋಟಿ. ದಾಗಿನಕಟ್ಟೆಯನ್ನೂ ಸೇರಿಸಿದರೆ ಮೂರು ಊರು, ಒಂದೇ ಕಾಲ. ಇಲ್ಲಿಗೇ ನಿಲ್ಲಿಸಿದರೆ ನಾವು ಪಂಕ್ತಿ ನೋಡಿ ನಂಟು ಹೇಳಿದವರಾಗುತ್ತೇವೆ. ಜಯಾನಂದ ಮತ್ತು ಸಂಗಡಿಗರು 2006ರಲ್ಲಿ ಈ ಗ್ರಾನೈಟುಗಳ ತವರನ್ನೂ ವಿಚಾರಿಸಿದರು. ನಿಯೋಡಿಮಿಯಂ ಎಂಬ ಧಾತುವಿನ ಐಸೊಟೋಪುಗಳ ಅನುಪಾತ, ಕರಗಿದ ರಸ ಹೊಸದಾಗಿ ಭೂಗರ್ಭದಿಂದ ಬಂತೇ ಅಥವಾ ಮೊದಲೇ ಇದ್ದ ಹಳೆಯ ಭೂಚಿಪ್ಪು ಕರಗಿ ಬಂತೇ ಎಂಬುದನ್ನು ಬಯಲು ಮಾಡುತ್ತದೆ. ಜಿರ್ಕಾನಿನೊಳಗಿನ ಹಾಫ್ನಿಯಂ ಕೂಡ ಇದೇ ಕೆಲಸ ಮಾಡುತ್ತದೆ. ಪಶ್ಚಿಮದ 261 ಕೋಟಿಯ ಗ್ರಾನೈಟುಗಳಲ್ಲಿ ಹಳೆಯ ಚಿಪ್ಪು ಮತ್ತೆ ಕರಗಿದ ಗುರುತಿದೆ. ಹುಟ್ಟಿದ್ದು 261 ಕೋಟಿ ವರ್ಷ ಹಿಂದೆ, ತವರು ಅದಕ್ಕಿಂತ ಬಹಳ ಹಳೆಯದು. ಆದ್ದರಿಂದ ಚಿತ್ರದುರ್ಗ ಗ್ರಾನೈಟ್ ಎಲ್ಲೆಲ್ಲಿ ಹಬ್ಬಿದೆಯೋ ಅಲ್ಲಿ ಅದರ ಕೆಳಗೆ ಹೊನ್ನಾಳಿಯ ಬಗೆಯ ಹಿರಿಯ ತಳ ಇತ್ತು ಎಂದು ಧೈರ್ಯವಾಗಿ ಹೇಳಬಹುದು. ಹೀಗೆ ವಯಸ್ಸು ಮತ್ತು ತವರು ಎರಡೂ ಸೇರಿ ಚನ್ನಗಿರಿಯನ್ನು ಚಿತ್ರದುರ್ಗದ ಪಟ್ಟಿಯೊಂದಿಗೆ ಒಂದೇ ಮನೆಯಾಗಿ ಕಟ್ಟುತ್ತವೆ. ಇದು ಒಡಹುಟ್ಟಿನ ನಂಟು.

ಚಿತ್ರದುರ್ಗ ಪಟ್ಟಿಯ ಪೂರ್ವದ ಅಂಚಿನಲ್ಲಿ ಬಂಡೆಗಳ ಚಹರೆ ಬದಲಾಗುತ್ತದೆ. ಇಲ್ಲಿ ಉತ್ತರ-ದಕ್ಷಿಣವಾಗಿ ನೂರಾರು ಕಿಲೋಮೀಟರು ಸಾಗುವ ಒಂದು ಉಜ್ಜುಪಟ್ಟಿಯಿದೆ. ಎರಡು ಬದಿಯ ಬಂಡೆಗಳು ಒಂದಕ್ಕೊಂದು ಒತ್ತಿ ಜಾರಿದ್ದರಿಂದ ಹರಳುಗಳು ಹಿಟ್ಟಿನಂತೆ ಅರೆದು, ನಾರಿನಂತೆ ಎಳೆದುಕೊಂಡಿವೆ. ಅದರಾಚೆಗೆ ಹೆಚ್ಚಾಗಿ ಸಿಗುವ ಗ್ರಾನೈಟುಗಳು 256ರಿಂದ 251 ಕೋಟಿಯವು. ಇನ್ನೂ ಪೂರ್ವಕ್ಕೆ ಹೋದರೆ ರಾಮನಗರದ ಹಳೆಯ ಹೆಸರು ಹೊತ್ತ ಕ್ಲೋಸ್‌ಪೇಟೆ ಗ್ರಾನೈಟ್. ಅದಕ್ಕೆ ಫ್ರೆಂಡ್ ಮತ್ತು ನಟ್‌ಮನ್ 1991ರಲ್ಲಿ ಶ್ರಿಂಪ್‌ನಿಂದ ಪಡೆದ ವಯಸ್ಸು 251.3 ಕೋಟಿ, ಹೆಚ್ಚುಕಡಿಮೆ 50 ಲಕ್ಷ. ಚಾಡ್ವಿಕ್, ವಾಸುದೇವ್, ಹೆಗಡೆ 2000ದಲ್ಲಿ ಈ ಪೂರ್ವದ ಬಂಡೆಗಳನ್ನೆಲ್ಲ ಪೆನಿನ್ಸುಲರ್ ನೈಸ್ ಎನ್ನುವುದನ್ನು ಬಿಟ್ಟು ಧಾರವಾಡ ಬ್ಯಾಥೊಲಿತ್, ಅಂದರೆ ಆಳದಲ್ಲಿ ಹೆಪ್ಪುಗಟ್ಟಿದ ಭಾರಿ ಗ್ರಾನೈಟ್ ರಾಶಿ, ಎಂಬ ಬೇರೆ ಹೆಸರಿನಿಂದ ಕರೆದರು. ಪಶ್ಚಿಮದ ಹಳೆಯ ಗಟ್ಟಿನೆಲಕ್ಕೆ ಪೂರ್ವದಿಂದ ಹೊಸ ನೆಲ ಓರೆಯಾಗಿ ಬಂದು ಒತ್ತಿತು ಎಂಬುದು ಅವರ ಓದು. ಇದನ್ನು ಒಪ್ಪಿದರೆ ಜಗಳೂರಿನ ಅಂಚು ಬೀಗರ ಮನೆಯ ಹೊಸ್ತಿಲು.

ನಿಜವಾದ ಬೀಗತನ ಹೇಗೆ ಕಾಣುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಳ್ಳೆಯ ಮಾದರಿಯಿದೆ. ಕೋಲಾರದ ಚಿನ್ನದ ಪಟ್ಟಿ ಕಿರಿದು. ಅದರ ಎರಡು ಬದಿಯ ನೈಸುಗಳನ್ನು ಕ್ರಾಗ್‌ಸ್ಟಾಡ್, ಹ್ಯಾನ್ಸನ್, ರಾಜಾಮಣಿ ಅಳೆದು 1991ರಲ್ಲಿ ಪ್ರಕಟಿಸಿದರು. ಪಶ್ಚಿಮದ ಬದಿಯವು ಸುಮಾರು 263, 261, 255 ಕೋಟಿಯವು, ಮತ್ತು ಅವುಗಳಲ್ಲಿ 320 ಕೋಟಿಯನ್ನೂ ಮೀರಿದ ಹಳೆಯ ಚಿಪ್ಪಿನ ಪಾಲಿದೆ. ಪೂರ್ವದ ಬದಿಯದು ಸುಮಾರು 253 ಕೋಟಿಯದು, ಅದರಲ್ಲಿ ಅಂಥ ಹಳೆಯ ಪಾಲು ಕಾಣಲಿಲ್ಲ. ನಡೆದುಕೊಂಡು ದಾಟಬಹುದಾದ ದೂರದಲ್ಲಿ ಎರಡು ಬೇರೆ ಚರಿತ್ರೆಗಳು ಮುಖಾಮುಖಿ ನಿಂತಿವೆ. ಇಲ್ಲಿ ಕಣ್ಣು ತೆರೆಸಿದ್ದು ಒಂದೊಂದು ಬದಿಗೆ ಒಂದೊಂದು ಅಂಕಿ ಸಿಕ್ಕಿದ್ದಲ್ಲ. ಹುಟ್ಟುದಿನ ಮತ್ತು ತವರು ಎರಡೂ ಒಟ್ಟಿಗೆ ಬೇರೆಯಾದದ್ದು. ಚಿತ್ರದುರ್ಗ-ಜಗಳೂರಿನ ಅಂಚಿಗೆ ಇದೇ ಪರೀಕ್ಷೆ ಹಾಕಿದರೆ ಫಲಿತಾಂಶ ಇಷ್ಟು ಚೊಕ್ಕವಾಗಿ ಬರುವುದಿಲ್ಲ. ಉಜ್ಜುಪಟ್ಟಿಯಿಂದ ಪೂರ್ವಕ್ಕೆ, ತುಮಕೂರು-ಕುಣಿಗಲ್ ಕಡೆಯ ನೆಲದಲ್ಲಿ, ಕಿರಿಯ ಗ್ರಾನೈಟುಗಳ ನಡುವೆ 300-320 ಕೋಟಿಯ ಹಳೆಯ ನೈಸಿನ ಉಳಿಕೆಗಳಿವೆ. ಕ್ಲೋಸ್‌ಪೇಟೆ ಗ್ರಾನೈಟಿನ ರಸದಲ್ಲಿಯೂ ಭೂಗರ್ಭದ ಹೊಸ ಪಾಲಿನ ಜೊತೆ ಹಳೆಯ ಚಿಪ್ಪಿನ ಪಾಲು ಬೆರೆತಿದೆ. ಪ್ಯೂಕಾ ಮತ್ತು ಸಂಗಡಿಗರು 2013ರಲ್ಲಿ ಪೂರ್ವ-ಪಶ್ಚಿಮ ಎಂಬ ಇಬ್ಭಾಗವನ್ನು ಕೈಬಿಟ್ಟು, ನಡುವೆ ಮಧ್ಯ ಪ್ರಾಂತ ಎಂಬ ಮೂರನೆಯದನ್ನು ಇಟ್ಟದ್ದು ಇದೇ ಕಾರಣಕ್ಕೆ.

ಇಲ್ಲಿ ನಾಲ್ಕು ಆಕ್ಷೇಪಗಳು ಬರುತ್ತವೆ, ನಾಲ್ಕಕ್ಕೂ ತೂಕವಿದೆ. ಮೊದಲನೆಯದು: ಜಿರ್ಕಾನಿನ ವಯಸ್ಸು ಬಂಡೆಯ ವಯಸ್ಸಲ್ಲ. ಹಳೆಯ ಹರಳು ಕರಗದೆ ಹೊಸ ರಸದಲ್ಲಿ ತೇಲಿ ಬಂದಿರಬಹುದು. ನಿಜ, ಆದರೆ ಈ ಪ್ರಶ್ನೆಯಲ್ಲಿ ಅದು ದೋಷವಲ್ಲ, ಲಾಭ. ಅಂಚು ಹುಟ್ಟುದಿನ ಹೇಳಿದರೆ ಕರಗದೆ ಉಳಿದ ತಿರುಳು ತವರಿನ ಹೆಸರು ಹೇಳುತ್ತದೆ. ಎರಡನ್ನೂ ಕಲಸಿ ಸರಾಸರಿ ತೆಗೆದಾಗ ಮಾತ್ರ ಮೋಸ. ಎರಡನೆಯದು: ಉಜ್ಜುಪಟ್ಟಿಯ ಉದ್ದಕ್ಕೂ ಬಂಡೆಗಳು ಜಾರಿವೆ, ಇವತ್ತಿನ ನೆರೆಯವರು ಅಂದಿನ ನೆರೆಯವರಲ್ಲ. ಇದೂ ನಿಜ. ಅದಕ್ಕೇ ಅಕ್ಕಪಕ್ಕದ ಎರಡು ನೈಸುಗಳನ್ನು ಹೋಲಿಸಿದರೆ ಸಾಲದು. ಜಾರಿಕೆಯನ್ನು ಅನುಭವಿಸಿದ ಗ್ರಾನೈಟು, ಜಾರಿಕೆಯನ್ನು ಅಡ್ಡ ಕತ್ತರಿಸಿದ ಗ್ರಾನೈಟು, ಈ ಎರಡರ ವಯಸ್ಸು ಬೇಕು. ಮೊದಲನೆಯದು ಯಾವ ಕಾಲದ ಆಮೇಲೂ ಜಾರಿಕೆ ನಡೆದಿತ್ತು ಎಂದು ಹೇಳುತ್ತದೆ, ಎರಡನೆಯದು ಯಾವ ಕಾಲದೊಳಗೆ ಮುಗಿದಿರಬೇಕು ಎಂದು. ಮೂರನೆಯದು: ತಾಲ್ಲೂಕಿಗೆ ಒಂದೋ ಎರಡೋ ಮಾದರಿ ಇಟ್ಟುಕೊಂಡು ಪ್ರಾಂತದ ಮಾತಾಡುವುದು ದುಡುಕು. ಇದು ಎಲ್ಲಕ್ಕಿಂತ ಭಾರವಾದ ಆಕ್ಷೇಪ. ಆದರೆ ಪ್ರಕೃತಿಯೇ ಮಾದರಿ ಕೂಡಿಟ್ಟ ಜಾಗಗಳಿವೆ. ಸರಗೂರಿನ ಮರಳುಶಿಲೆಗಳಲ್ಲಿ ಸೇರಿಕೊಂಡಿದ್ದ ಜಿರ್ಕಾನುಗಳನ್ನು ನಟ್‌ಮನ್ ಮತ್ತು ಸಂಗಡಿಗರು 1992ರಲ್ಲಿ ಅಳೆದಾಗ 358ರಿಂದ 313 ಕೋಟಿಯವರೆಗಿನ ವಯಸ್ಸುಗಳು ಸಿಕ್ಕವು. ಇಂದು ಮೇಲೆ ಕಾಣುವ ನೈಸುಗಳಿಗಿಂತ ಹಿರಿಯ ನೆಲವೂ ಆ ಮರಳಿನಲ್ಲಿ ಗುರುತು ಬಿಟ್ಟಿತ್ತು. ಹೊನ್ನಾಳಿಯ ಬಳಿಯ ತುಂಗಭದ್ರೆಯ ಮರಳು ಕೂಡ ಮೇಲಿನ ಕಣಿವೆಯ ಎಲ್ಲ ಬಂಡೆಗಳ ಪಾಲನ್ನು ಹೊತ್ತು ತಂದದ್ದೇ. ಒಂದು ಬಂಡೆ ಒಬ್ಬನ ಹೇಳಿಕೆಯಾದರೆ ಮರಳು ಇಡೀ ಊರಿನ ಮಹಜರು.

ನಾಲ್ಕನೆಯ ಆಕ್ಷೇಪ ಬುಡಕ್ಕೇ ಕೈಹಾಕುತ್ತದೆ: ಎರಡೂ ಕಡೆ 300 ಕೋಟಿ ದಾಟಿದ ನೈಸ್ ಇದೆ ಎಂದ ಮೇಲೆ ಗಡಿ ಎನ್ನುವುದೇ ಏಕೆ? ಒಂದೇ ನೆಲ ಎಂದು ಬಿಟ್ಟರಾಯಿತಲ್ಲ. ಬಿಡುವಂತಿಲ್ಲ, ಏಕೆಂದರೆ ನಡುವಿನ ಕಾಲದ ಚರಿತ್ರೆ ಬೇರೆ. ಪಶ್ಚಿಮದಲ್ಲಿ 291 ಕೋಟಿಯಿಂದ ಶುರುವಾಗಿ ದೀರ್ಘಕಾಲ ಹೊದಿಕೆ ಬಿದ್ದು, 261 ಕೋಟಿಯ ಗ್ರಾನೈಟುಗಳು ನುಗ್ಗಿದ ಮೇಲೆ ನೆಲ ಬಹುಮಟ್ಟಿಗೆ ತಣ್ಣಗಾಯಿತು. ಪೂರ್ವದಲ್ಲಿ 256ರಿಂದ 251 ಕೋಟಿಯವರೆಗೆ ರಸ ಏರುತ್ತಲೇ ಇತ್ತು, ಹಳೆಯ ತಳ ಅದರಲ್ಲಿ ಮುಳುಗಿ ಉಳಿಕೆಯಾಯಿತು. ಒಂದೇ ಮನೆಯ ಇಬ್ಬರಲ್ಲಿ ಒಬ್ಬ ಊರಲ್ಲೇ ನಿಂತು, ಇನ್ನೊಬ್ಬ ಹೊರಗೆ ಹೋಗಿ ಬೇರೆಯೇ ಬಾಳು ಕಂಡ ಹಾಗೆ. ಆಮೇಲೆ ಒತ್ತಡದಲ್ಲಿ ಎರಡೂ ಮತ್ತೆ ಬೆಸೆದವು. ನಮ್ಮ ನೆಲದಲ್ಲಿ ಇಂಥ ನಂಟಿಗೆ ಹೆಸರಿದೆ: ಸೋದರ ಸಂಬಂಧದ ಮದುವೆ. ಅಣ್ಣನ ಮಗಳು, ತಂಗಿಯ ಮಗ. ಹಿಂದಿನ ತಲೆಮಾರಿನಲ್ಲಿ ಒಡಹುಟ್ಟು, ಈ ತಲೆಮಾರಿನಲ್ಲಿ ಬೀಗತನ. ಪಶ್ಚಿಮ ಪ್ರಾಂತಕ್ಕೂ ಮಧ್ಯ ಪ್ರಾಂತಕ್ಕೂ ಇರುವುದು ಈ ಬಗೆಯ ನಂಟು, ಕೋಲಾರದ ಎರಡು ಬದಿಗಳಿಗೆ ಇರುವುದು ಹೊರಸಂಬಂಧ ಎಂದರೆ ಅಂಕಿಗಳೂ ತವರಿನ ಗುರುತುಗಳೂ ಒಟ್ಟಿಗೆ ಕೂಡಿಬರುತ್ತವೆ. ಇದರಿಂದ ಗಡಿಯ ಅರ್ಥವೂ ಬದಲಾಗುತ್ತದೆ. ಜಗಳೂರಿನ ಆಸುಪಾಸಿನಲ್ಲಿ ನಕ್ಷೆಯ ಮೇಲೆ ಒಂದೇ ಗೆರೆ ಎಳೆದು ಈಚೆ ಹಳತು, ಆಚೆ ಹೊಸತು ಎನ್ನುವುದಕ್ಕಿಂತ, ಹಳೆಯ ತಳ ಪೂರ್ವಕ್ಕೆ ಹೋದಂತೆ ಹೊಸ ರಸದಲ್ಲಿ ತೆಳುವಾಗುತ್ತ ಹೋಗುವ ಅಗಲವಾದ ಪಟ್ಟಿ ಎಂದು ಓದುವುದು ಸರಿ. ಉಜ್ಜುಪಟ್ಟಿ ಆ ಬದಲಾವಣೆಯೊಳಗೆ ನೆಲ ಹರಿದು ಜಾರಿದ ಜಾಗ. ಎರಡು ಖಂಡಗಳ ಹೊಲಿಗೆಯೇ ಆಗಿರಬೇಕೆಂದಿಲ್ಲ.

ಈ ಶಿಸ್ತು ನಮ್ಮ ನಾಲ್ಕು ತಾಲ್ಲೂಕುಗಳಾಚೆಗೂ ಬೇಕು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಯಿಂದ ಕಳಚಿ ಹೋಯಿತು. ಆ ಬಿರುಕಿನ ಕಾಲದ ಲಾವಾ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬಗಳಾಗಿ ನಿಂತಿದೆ. ಕಡಲಿನಾಚೆ ಆ ದ್ವೀಪದ ಈಶಾನ್ಯ ಕರಾವಳಿಯ ಆಂಟೊಂಗಿಲ್ ಸೀಮೆಯಲ್ಲಿ 320 ಕೋಟಿಯ ಆಸುಪಾಸಿನ ನೈಸುಗಳಿವೆ, ಅವನ್ನು ಸೀಳಿದ ಸುಮಾರು 250 ಕೋಟಿಯ ಗ್ರಾನೈಟುಗಳೂ ಇವೆ. ಪಶ್ಚಿಮ ಧಾರವಾಡದ ತುಂಡೊಂದು ಅಲ್ಲಿ ಉಳಿದಿದೆ ಎಂಬ ವಾದ ಬಲವಾಗಿರುವುದು ಈ 320ರ ನೆಂಟಸ್ತಿಕೆಯಿಂದ, 250ರಿಂದಲ್ಲ. 250 ಕೋಟಿಯ ಗ್ರಾನೈಟ್ ಉತ್ತರ ಚೀನಾದಲ್ಲಿಯೂ ಹೇರಳವಾಗಿದೆ. ಆ ಒಂದು ಅಂಕಿಯನ್ನು ನಂಬಿ ಹೊರಟರೆ ಅರ್ಧ ಜಗತ್ತನ್ನು ದಾವಣಗೆರೆಗೆ ನೆಂಟರನ್ನಾಗಿ ಮಾಡಬಹುದು. ಕಾರವಾರದ ಕಡೆಯ ನೈಸುಗಳನ್ನು ಅಳೆದ ಈಶ್ವರ್ ಕುಮಾರ್ ಮತ್ತು ಸಂಗಡಿಗರು 2013ರಲ್ಲಿ ಕುಮಟಾದ ಬಳಿ ಒಂದು ಹಳೆಯ ಹೊಲಿಗೆಯಿದೆ ಎಂದು ಸೂಚಿಸಿದ್ದಾರೆ. ಅಲ್ಲಿಯೂ ಎರಡೂ ಬದಿಯಲ್ಲಿ 300 ಕೋಟಿ ದಾಟಿದ ನೆಲವೇ ಇರುವುದರಿಂದ ಹುಟ್ಟುದಿನ ಮಾತ್ರ ನೋಡಿ ಪರವಾಗಿಯೋ ವಿರೋಧವಾಗಿಯೋ ತೀರ್ಪು ಕೊಡಲು ಬರುವುದಿಲ್ಲ.

ಇದೆಲ್ಲ ಪುಸ್ತಕದ ಚರ್ಚೆಯಷ್ಟೇ ಅಲ್ಲ. ಬೋರ್‌ವೆಲ್ ನೀರು ಸಿಗುವುದು ಗ್ರಾನೈಟಿನ ಬಿರುಕಿನಲ್ಲಿ, ಚಿನ್ನ ಕೂತಿರುವುದು ಜಾರಿದ ಅಂಚುಗಳಲ್ಲಿ. ಬಿರುಕು ಯಾವ ಕಾಲದ್ದು, ಯಾವ ದಿಕ್ಕಿನದು ಎಂಬುದು ಬಂಡೆಯ ಚರಿತ್ರೆಗೆ ಸೇರಿದ ಮಾತು. ಮಳೆ ಕಡಿಮೆಯಾದ ಜಗಳೂರಿನ 57 ಕೆರೆಗಳನ್ನು ತುಂಗಭದ್ರೆಯ ನೀರಿನಿಂದ ತುಂಬಿಸುವ ಯೋಜನೆ ಬಂದಿದೆ; ಅಲ್ಲಿಯ ಗಟ್ಟಿತಳವೂ ತಾನಾಗಿ ಹೆಚ್ಚು ನೀರು ಹಿಡಿದಿಡುವಂಥದಲ್ಲ. ಆದರೆ ನಂಟಿನ ಪ್ರಶ್ನೆಗೆ ಕೊನೆಯ ಮಾತು ಹೇಳಬೇಕಾದದ್ದು ಪರೀಕ್ಷೆಯೇ. ಮೇಲಿನ ವಾದ ಸರಿಯಿದ್ದರೆ ಉಜ್ಜುಪಟ್ಟಿಯ ಪೂರ್ವಕ್ಕಿರುವ 256-251 ಕೋಟಿಯ ಗ್ರಾನೈಟುಗಳಲ್ಲಿ ಪಟ್ಟಿಗೆ ಹತ್ತಿರವಿದ್ದಷ್ಟೂ 300 ಕೋಟಿ ದಾಟಿದ ಜಿರ್ಕಾನ್ ತಿರುಳುಗಳು ಹೆಚ್ಚು ಸಿಗಬೇಕು, ಹಾಫ್ನಿಯಂ ಹಳೆಯ ತವರನ್ನೇ ತೋರಿಸಬೇಕು, ಪೂರ್ವಕ್ಕೆ ಹೋದಂತೆ ಎರಡೂ ಮೆಲ್ಲಗೆ ಕಡಿಮೆಯಾಗಬೇಕು. ಜಗಳೂರಿನಿಂದ ಪೂರ್ವಕ್ಕೆ ಸಾಲಾಗಿ ಆರಿಸಿದ ಹತ್ತಿಪ್ಪತ್ತು ಬಂಡೆಗಳಲ್ಲಿ ಹಾಗೆ ಕಾಣದೆ, ಒಂದೇ ಹೆಜ್ಜೆಗೆ ಹಳೆಯ ತಿರುಳುಗಳೆಲ್ಲ ಮಾಯವಾದರೆ ಸೋದರ ಸಂಬಂಧದ ಮಾತು ಬಿದ್ದುಹೋಗುತ್ತದೆ, ಚಾಡ್ವಿಕ್ ಗುಂಪಿನ ಬೀಗತನವೇ ನಿಲ್ಲುತ್ತದೆ.